ಪೆಂಗ್ವಿನ್ ಚಿಹ್ನೆ ನೋಡಿ ಗೇಮ್ ಕೊಳ್ಳುವುದನ್ನು ಬಿಟ್ಟಿದ್ದೇನೆ

ಗೇಮ್ ಕೊಳ್ಳುವ ಮುಂಚೆ ಅದಕ್ಕೆ ಲಿನಕ್ಸ್ ಆವೃತ್ತಿ ಇದೆಯೋ ಇಲ್ಲವೋ ಅಂತ ನೋಡುವ ಅಭ್ಯಾಸ ನನಗೆ ತಪ್ಪಿಹೋಗಿದೆ. ಲಿನಕ್ಸ್ ಅಂದರೆ ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಮುಕ್ತ ಆಪರೇಟಿಂಗ್ ಸಿಸ್ಟಂ, ಪೆಂಗ್ವಿನ್ ಅದರ ಗುರುತು. ನಮ್ಮ ಲಿನಕ್ಸ್ ಬಳಗದಲ್ಲಿ ಈ ಮಾತು ಆಡಿದರೆ ಮಡಿ ಕೆಟ್ಟವನನ್ನು ನೋಡಿದ ಹಾಗೆ ನೋಡುತ್ತಾರೆ. ನೋಡಲಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿದ ಮೇಲೆ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಂಡ ಗೆಳೆಯರು ನನಗೆ ಮೆಸೇಜ್ ಮಾಡಿ ಕೇಳುವುದು ಒಂದೇ: "ಇದರಲ್ಲಿ ಆಡೋಕೆ ಏನಿದೆ?" ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಗಿದೆ, ಅದಕ್ಕೇ ಈ ಉದ್ದದ ಪೋಸ್ಟ್. ಬರೆಯುತ್ತಿರುವುದು ಇಂಡೀ ಗೇಮ್‌ಗಳ ಬಗ್ಗೆ ಮಾತ್ರ. ಒಬ್ಬರೋ ಇಬ್ಬರೋ ಅಥವಾ ಒಂದು ಸಣ್ಣ ತಂಡವೋ, ದೊಡ್ಡ ಕಂಪನಿಯ ಹಂಗಿಲ್ಲದೆ ಮಾಡುವ ಆಟಗಳು. ನನ್ನದು ಹಳೇ ಲ್ಯಾಪ್‌ಟಾಪ್, 8 ಜಿಬಿ ರ‍್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಹೇಳುವುದೆಲ್ಲ ಅದರಲ್ಲಿ ಆಡಿ ನೋಡಿಯೇ.

ಮೊದಲು ಆ ಪೆಂಗ್ವಿನ್ ವಿಷಯ. ಒಂದು ಕಾಲದಲ್ಲಿ ಅದಕ್ಕೆ ನಿಜವಾಗಿ ಬೆಲೆ ಇತ್ತು. 2010ರ ಮೇ ತಿಂಗಳಲ್ಲಿ ಮೊದಲ ಹಂಬಲ್ ಇಂಡೀ ಬಂಡಲ್ ಬಂದಾಗ ವರ್ಲ್ಡ್ ಆಫ್ ಗೂ, ಅಕ್ವೇರಿಯಾ, ಗಿಶ್, ಲುಗಾರು, ಪೆನಂಬ್ರಾ ಇಷ್ಟೂ ಆಟಗಳನ್ನು ಮನಸ್ಸಿಗೆ ಬಂದಷ್ಟು ದುಡ್ಡು ಕೊಟ್ಟು ತೆಗೆದುಕೊಳ್ಳಬಹುದಿತ್ತು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತಿದ್ದವು, ನಕಲು ತಡೆಯುವ ಡಿಆರ್‌ಎಂ ಬೀಗ ಇರಲಿಲ್ಲ. ಯಾರು ಎಷ್ಟು ಕೊಡುತ್ತಿದ್ದಾರೆ ಅನ್ನುವ ಲೆಕ್ಕವನ್ನೂ ಅಲ್ಲೇ ತೋರಿಸುತ್ತಿದ್ದರು. ವಿಂಡೋಸ್‌ನವರು ಸರಾಸರಿ 8 ಡಾಲರ್ ಆಸುಪಾಸು ಕೊಟ್ಟರೆ ಲಿನಕ್ಸ್‌ನವರು 14 ಡಾಲರ್ ದಾಟಿಸಿದ್ದರು. 'ಲಿನಕ್ಸ್ ಬಳಸುವವರು ಪುಕ್ಕಟೆ ಗಿರಾಕಿಗಳು' ಎನ್ನುವವರಿಗೆ ನಾನು ಇವತ್ತಿಗೂ ಇದನ್ನೇ ತೋರಿಸುವುದು. ಒಟ್ಟು ಹಣ ಹತ್ತು ಲಕ್ಷ ಡಾಲರ್ ದಾಟಿದಾಗ ಐದರಲ್ಲಿ ನಾಲ್ಕು ಆಟಗಳ ಸೋರ್ಸ್ ಕೋಡನ್ನೇ (ಆಟದ ಮೂಲ ಪ್ರೋಗ್ರಾಂ ಬರಹ) ಎಲ್ಲರಿಗೂ ಬಿಟ್ಟುಕೊಟ್ಟರು. 2013ರ ಫೆಬ್ರವರಿಯಲ್ಲಿ ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ ಲಿನಕ್ಸಿಗೆ ಅಧಿಕೃತವಾಗಿ ಬಂತು. ಆಗೆಲ್ಲ ಪೆಂಗ್ವಿನ್ ಕಂಡರೆ ಸಾಕು, ಆಟ ಹೇಗಿದೆ ಅಂತ ಕೂಡ ನೋಡದೆ ಕೊಳ್ಳುತ್ತಿದ್ದೆವು. ನಮ್ಮನ್ನೂ ಲೆಕ್ಕಕ್ಕೆ ಹಿಡಿದರಲ್ಲ ಅನ್ನುವ ಖುಷಿ.

ತೊಂದರೆ ಶುರುವಾಗುವುದು ಕೊಂಡು ನಾಲ್ಕೈದು ವರ್ಷ ಕಳೆದ ಮೇಲೆ. ವಿಂಡೋಸ್‌ಗೆ ಒಮ್ಮೆ ಮಾಡಿಟ್ಟ ಎಕ್ಸಿ ಫೈಲು ಹದಿನೈದು ವರ್ಷವಾದರೂ ಹೇಗೋ ಓಡುತ್ತದೆ. ಲಿನಕ್ಸಿನಲ್ಲಿ ಸಿಸ್ಟಂನ ತಿರುಳಾದ ಕರ್ನಲ್ ಹಳೆಯದನ್ನು ಕೈಬಿಡುವುದಿಲ್ಲ ನಿಜ, ಆದರೆ ಅದರ ಮೇಲಿನ ಲೈಬ್ರರಿಗಳು (ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಸಿದ್ಧ ಕೋಡ್) ಬದಲಾಗುತ್ತಲೇ ಇರುತ್ತವೆ. ಅಂದು ಮಾಡಿದ ಆಟ ಅಂದಿನ ಲೈಬ್ರರಿಯನ್ನೇ ಹುಡುಕುತ್ತದೆ, ಇಂದು ಅದು ಇರುವುದಿಲ್ಲ. 2019ರಲ್ಲಿ ಲಿನಕ್ಸಿನ ಜನಪ್ರಿಯ ರೂಪಗಳಲ್ಲೊಂದಾದ ಉಬುಂಟುದವರು, ಹಳೇ ಆಟಗಳಿಗೆ ಬೇಕಾದ 32 ಬಿಟ್ ಪ್ಯಾಕೇಜುಗಳನ್ನೇ ಕೈಬಿಡುತ್ತೇವೆ ಅಂತ ಘೋಷಿಸಿದಾಗ ದೊಡ್ಡ ಗಲಾಟೆಯಾಗಿದ್ದು ಇದಕ್ಕೇ. ಹಾಗಾದರೆ ಮುಂದಿನ ಉಬುಂಟುವನ್ನು ನಾವು ಬೆಂಬಲಿಸುವುದಿಲ್ಲ ಎಂದು ಸ್ಟೀಮ್ ನಡೆಸುವ ವಾಲ್ವ್ ಕಂಪನಿಯ ಕಡೆಯಿಂದ ಮಾತು ಬಂತು, ಉಬುಂಟು ಹಿಂದೆ ಸರಿಯಿತು. ಆಮೇಲೆ ಸ್ಟೀಮ್ ಹಳೇ ಲೈಬ್ರರಿಗಳನ್ನು ಒಂದು ಡಬ್ಬಿಯಲ್ಲಿಟ್ಟು ಅದರೊಳಗೇ ಆಟ ಓಡಿಸುವ ಏರ್ಪಾಟು ಮಾಡಿದೆ. ಸ್ಕೌಟ್, ಸೋಲ್ಜರ್, ಸ್ನೈಪರ್ ಅಂತ ಅವುಗಳ ಹೆಸರು, ವಾಲ್ವ್‌ನದೇ ಟೀಮ್ ಫೋರ್ಟ್ರೆಸ್ ಆಟದ ಪಾತ್ರಗಳವು. ಆದರೆ ಎಲ್ಲ ಆಟವೂ ಆ ಡಬ್ಬಿಗೆ ಬಗ್ಗುವುದಿಲ್ಲ.

ನನ್ನ ಹತ್ತಿರ ಇರುವ ಒಂದು ಆಟ (ಹೆಸರು ಬೇಡ, ಮಾಡಿದವರು ಒಳ್ಳೆಯವರು) ಸಿಸ್ಟಂ ಅಪ್‌ಗ್ರೇಡ್ ಮಾಡಿದ ಮೇಲೆ ಶಬ್ದ ಕಳೆದುಕೊಂಡಿತು, ಇನ್ನೊಂದು ಅಪ್‌ಗ್ರೇಡಿಗೆ ತೆರೆಯುವುದನ್ನೇ ನಿಲ್ಲಿಸಿತು. ಮೇಲ್ ಮಾಡಿದೆ. ಮರ್ಯಾದೆಯ ಉತ್ತರ ಬಂತು: ಲಿನಕ್ಸ್ ಆವೃತ್ತಿಯನ್ನು ಮಾಡಿಕೊಟ್ಟದ್ದು ಹೊರಗಿನವರು, ಅವರು ಈಗ ಬೇರೆ ಕೆಲಸದಲ್ಲಿದ್ದಾರೆ, ನಮಗೆ ಅದರ ಒಳಗು ಗೊತ್ತಿಲ್ಲ. ಇದರಲ್ಲಿ ಯಾರನ್ನು ಬೈಯುವುದು? ಇಬ್ಬರೇ ಇರುವ ತಂಡ, ಹತ್ತು ವರ್ಷ ಹಿಂದಿನ ಆಟ. ಕೊನೆಗೆ ಸ್ಟೀಮ್‌ನಲ್ಲಿ ಆಟದ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿ ಎಂಬಲ್ಲಿ ಟಿಕ್ ಹಾಕಿ, ವಿಂಡೋಸ್ ಆಟಗಳನ್ನು ಲಿನಕ್ಸಿನಲ್ಲಿ ಓಡಿಸುವ ಪ್ರೋಟಾನ್ ಆರಿಸಿದೆ. ವಿಂಡೋಸ್ ಆವೃತ್ತಿ ಡೌನ್‌ಲೋಡ್ ಆಯಿತು, ಪ್ಲೇ ಒತ್ತಿದೆ, ಶಬ್ದದ ಸಮೇತ ತೆರೆಯಿತು. ಸೇವ್ ಮಾತ್ರ ಮಾಯ. ಪ್ರೋಟಾನ್ ಪ್ರತಿ ಆಟಕ್ಕೂ ಒಂದೊಂದು ಸುಳ್ಳು ಸಿ ಡ್ರೈವ್ ಕಟ್ಟುತ್ತದೆ. ಸ್ಟೀಮ್‌ನ ಕಾಂಪ್ಯಾಟ್‌ಡೇಟಾ ಫೋಲ್ಡರಿನೊಳಗೆ ಆ ಆಟದ ನಂಬರಿನ ಹೆಸರಲ್ಲಿ ಅದು ಇರುತ್ತದೆ, ಅದರೊಳಗೆ ಸ್ಟೀಮ್‌ಯೂಸರ್ ಅಂತ ಒಬ್ಬ ಬಳಕೆದಾರನೂ ಇರುತ್ತಾನೆ. ಹಳೇ ಸೇವ್ ಫೈಲನ್ನು ಅಲ್ಲಿಗೆ ಕಾಪಿ ಮಾಡಿದ ಮೇಲೆ ಬಿಟ್ಟ ಕಡೆಯಿಂದಲೇ ಆಡಿದೆ. ಹೊಸದಾಗಿ ಬಂದವರು ಈ ಒಂದು ಜಾಗ ನೆನಪಿಟ್ಟುಕೊಳ್ಳಿ, ಉಪಯೋಗಕ್ಕೆ ಬರುತ್ತದೆ.

ಪ್ರೋಟಾನ್ ಬಂದದ್ದು 2018ರ ಆಗಸ್ಟ್‌ನಲ್ಲಿ. ಅದರ ಬುಡದಲ್ಲಿರುವುದು ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸಿನಲ್ಲಿ ಓಡಿಸಲು 1993ರಿಂದ ನಡೆದುಬಂದಿರುವ ವೈನ್. ಜೊತೆಗೆ ವಿಂಡೋಸ್‌ನ ಗ್ರಾಫಿಕ್ಸ್ ಭಾಷೆಯಾದ ಡೈರೆಕ್ಟ್‌ಎಕ್ಸ್‌ನ ಮಾತನ್ನು ಲಿನಕ್ಸಿನಲ್ಲೂ ನಡೆಯುವ ವಲ್ಕನ್‌ಗೆ ದಾಟಿಸುವ ಡಿಎಕ್ಸ್‌ವಿಕೆ. ಈ ಡಿಎಕ್ಸ್‌ವಿಕೆ ಬರೆಯಲು ಶುರು ಮಾಡಿದ ಫಿಲಿಪ್ ರೆಬೋಲೆಗೆ ಲಿನಕ್ಸ್ ಉದ್ಧಾರದ ಯೋಜನೆ ಏನೂ ಇರಲಿಲ್ಲ, ನಿಯರ್ ಆಟೋಮೇಟಾ ಎಂಬ ಒಂದು ಆಟವನ್ನು ಲಿನಕ್ಸಿನಲ್ಲಿ ಆಡಬೇಕಿತ್ತು ಅಷ್ಟೇ. ಆಮೇಲೆ ವಾಲ್ವ್ ಅವರಿಗೆ ಸಂಬಳ ಕೊಟ್ಟು ಅದೇ ಕೆಲಸಕ್ಕೆ ಕೂರಿಸಿತು.

ಹಾಗಾದರೆ ಲಿನಕ್ಸ್ ಆವೃತ್ತಿಗಳೇ ಬೇಡವೇ ಅಂತ ಕೇಳಿದರೆ, ಮನಸ್ಸಿಟ್ಟು ಮಾಡುವವರಾದರೆ ಬೇಕು, ಹೆಸರಿಗೊಂದು ಆವೃತ್ತಿ ಬಿಟ್ಟು ಮರೆಯುವವರಾದರೆ ಬೇಡ. ಮನಸ್ಸಿಟ್ಟು ಮಾಡಿದ್ದು ಅಂದರೆ ಏನು ಎನ್ನುವುದಕ್ಕೆ ಫ್ಯಾಕ್ಟೋರಿಯೋ ನೋಡಬೇಕು. ಪ್ರಾಗ್‌ನ ವೂಬೆ ತಂಡದ್ದು. ಅದಿರು ತೆಗೆದು, ಕರಗಿಸಿ, ಬೆಲ್ಟ್ ಮೇಲೆ ಸಾಗಿಸಿ ಕಾರ್ಖಾನೆ ಬೆಳೆಸುತ್ತ ಹೋಗುವ ಆಟ. ಕಾರ್ಖಾನೆ ದೊಡ್ಡದಾದಂತೆ ಆಟೋಸೇವ್ ಆದಾಗಲೆಲ್ಲ ಆಟ ಕೆಲವು ಸೆಕೆಂಡು ಗಕ್ಕನೆ ನಿಲ್ಲುತ್ತದೆ. ಲಿನಕ್ಸ್ ಆವೃತ್ತಿಯಲ್ಲಿ ಇದಕ್ಕೊಂದು ಉಪಾಯ ಇದೆ. ಯುನಿಕ್ಸ್ ಕಾಲದ ಫೋರ್ಕ್ ಕರೆಯಿಂದ ಆಟ ತನ್ನದೇ ಒಂದು ನಕಲನ್ನು ಹುಟ್ಟಿಸುತ್ತದೆ. ಆ ನಕಲು ಹಿನ್ನೆಲೆಯಲ್ಲಿ ಕೂತು ಸೇವ್ ಬರೆಯುತ್ತದೆ, ಇತ್ತ ಮೂಲ ಆಟದ ಬೆಲ್ಟುಗಳು ಓಡುತ್ತಲೇ ಇರುತ್ತವೆ. ಬರೆದು ಮುಗಿಸಿ ನಕಲು ಸಾಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ ನಾವೇ ಚಾಲೂ ಮಾಡಿಕೊಳ್ಳಬೇಕು, ಸ್ವಲ್ಪ ಹೆಚ್ಚು ರ‍್ಯಾಮ್ ತಿನ್ನುತ್ತದೆ. ವಿಂಡೋಸ್‌ನಲ್ಲಿ ಈ ಫೋರ್ಕ್ ಇಲ್ಲ, ಹಾಗಾಗಿ ಆ ಸೌಲಭ್ಯವೂ ಇಲ್ಲ, ಪ್ರೋಟಾನ್ ಹಾಕಿ ಆಡಿದರೆ ನಮಗೂ ಇಲ್ಲ. ಲಿನಕ್ಸ್ ಆವೃತ್ತಿ ವಿಂಡೋಸ್‌ನದಕ್ಕಿಂತ ಮೇಲು ಅಂತ ಹೇಳುವ ಸಂದರ್ಭ ಬರುವುದೇ ಅಪರೂಪ, ಇದು ಅಂಥದ್ದು. ಒಂದೇ ಬೇಜಾರು ಅಂದರೆ ಇವರು ಯಾವ ಸೇಲಿಗೂ ಬೆಲೆ ಇಳಿಸುವುದಿಲ್ಲ. ದೀಪಾವಳಿಗೆ ಕಾದರೂ ಅಷ್ಟೇ, ಯುಗಾದಿಗೆ ಕಾದರೂ ಅಷ್ಟೇ.

ಆಟ ಮಾಡುವವರ ಕಡೆಯಿಂದ ಒಂದು ಹಳೇ ದೂರಿದೆ: ಲಿನಕ್ಸ್‌ನವರು ಕೊಳ್ಳುವುದು ಕಡಿಮೆ, ಕಾಟ ಜಾಸ್ತಿ. ಇದಕ್ಕೆ 2021ರಲ್ಲಿ ಡೆಲ್ಟಾ ವಿ: ರಿಂಗ್ಸ್ ಆಫ್ ಸ್ಯಾಟರ್ನ್ ಎಂಬ ಆಟ ಮಾಡಿದವರು ತಮ್ಮ ಲೆಕ್ಕಪತ್ರವನ್ನೇ ಬಿಚ್ಚಿಟ್ಟರು. ಅವರ ಮಾರಾಟದಲ್ಲಿ ಲಿನಕ್ಸಿನ ಪಾಲು ಶೇ. 5.8. ದೋಷ ವರದಿಗಳಲ್ಲಿ ಮಾತ್ರ ಶೇ. 38ಕ್ಕೂ ಹೆಚ್ಚು. ಇಲ್ಲಿಗೆ ನಿಲ್ಲಿಸಿದರೆ ದೂರು ನಿಜ ಅಂತಲೇ ಅನ್ನಿಸುತ್ತದೆ. ಆದರೆ ಲಿನಕ್ಸ್‌ನವರು ಕಳಿಸಿದ ಸುಮಾರು 400 ವರದಿಗಳಲ್ಲಿ ಲಿನಕ್ಸಿಗೆ ಮಾತ್ರ ಸಂಬಂಧಿಸಿದ ದೋಷ ಇದ್ದದ್ದು ಮೂರೇ ಮೂರು. ಉಳಿದದ್ದೆಲ್ಲ ವಿಂಡೋಸ್‌ನವರಿಗೂ ಬರುತ್ತಿದ್ದ ದೋಷ, ಅವರು ಹೇಳಲಿಲ್ಲ, ಇವರು ಹೇಳಿದರು. ಹೇಗೆ ಮಾಡಿದರೆ ದೋಷ ಮರುಕಳಿಸುತ್ತದೆ ಎನ್ನುವುದನ್ನೂ ಲಾಗ್ ಫೈಲಿನ (ಆಟ ಓಡುವಾಗ ನಡೆದದ್ದನ್ನು ಬರೆದಿಡುವ ಕಡತ) ಸಮೇತ ಬರೆದು ಕಳಿಸಿದ್ದರು. ಇದನ್ನು ನಾನು ಪೂರ್ತಿ ನಂಬುತ್ತೇನೆ. ಬೇರೆ ದಾರಿಯಿಲ್ಲದೆ ಟರ್ಮಿನಲ್ ತೆರೆದು ಲಾಗ್ ಓದುವುದನ್ನು ನಾವೆಲ್ಲ ಕಲಿತವರೇ ತಾನೇ. ಚೆನ್ನಾಗಿ ದೂರು ಕೊಡುವ ಗಿರಾಕಿ ಸಣ್ಣ ತಂಡಕ್ಕೆ ಸಂಬಳವಿಲ್ಲದ ಟೆಸ್ಟರ್. ಅದನ್ನು ಕಾಟ ಅನ್ನುವವರ ಆಟ ನನಗೆ ಬೇಡ.

ಸರಿ, ಏನು ಆಡುವುದು?

ಒಂದೇ ಒಂದು ಹೇಳಿ ಅಂದರೆ ಇಂಟು ದ ಬ್ರೀಚ್. ಎಫ್‌ಟಿಎಲ್ ಎಂಬ ಆಟ ಮಾಡಿದ ಸಬ್‌ಸೆಟ್ ಗೇಮ್ಸ್‌ನದು, 2018ರದ್ದು, ಲಿನಕ್ಸಿಗೆ 2020ರಲ್ಲಿ ಬಂತು. ಎಂಟು ಮನೆ ಅಗಲ, ಎಂಟು ಮನೆ ಉದ್ದ, ನಮ್ಮ ಚದುರಂಗದ ಮಣೆಯಷ್ಟೇ. ನಿಮ್ಮ ಕೈಯಲ್ಲಿ ಮೂರು ಯಂತ್ರ, ಎದುರಿಗೆ ನೆಲದಿಂದ ಮೇಲೇಳುವ ದೈತ್ಯ ಹುಳುಗಳು. ವಿಶೇಷ ಏನೆಂದರೆ ಮುಂದಿನ ಸರದಿಯಲ್ಲಿ ಯಾವ ಹುಳು ಯಾವ ಮನೆಗೆ ಹೊಡೆಯುತ್ತದೆ ಎಂದು ಆಟ ಮೊದಲೇ ತೋರಿಸಿಬಿಡುತ್ತದೆ. ಮುಚ್ಚುಮರೆಯೇ ಇಲ್ಲ. ಹಾಗಾಗಿ ಹುಳುವನ್ನು ಕೊಲ್ಲಬೇಕಾದ್ದೇ ಇಲ್ಲ, ಒಂದು ಮನೆ ಪಕ್ಕಕ್ಕೆ ತಳ್ಳಿದರೆ ಸಾಕು. ಜನರಿರುವ ಕಟ್ಟಡಕ್ಕೆ ಬೀಳಬೇಕಾದ ಏಟು ಪಕ್ಕದ ಹುಳುವಿಗೇ ಬೀಳುತ್ತದೆ. ಕೆಲವೊಮ್ಮೆ ಮೂರು ಕಡೆ ಅಪಾಯ ಇರುತ್ತದೆ, ಎರಡನ್ನಷ್ಟೇ ತಡೆಯಲು ಸಾಧ್ಯ ಅನ್ನಿಸುತ್ತದೆ. ಕಾಫಿ ಆರುವ ತನಕ ನೋಡುತ್ತ ಕೂತರೆ ಮೂರನ್ನೂ ತಡೆಯುವ ನಡೆ ಹೊಳೆಯುತ್ತದೆ, ಅಥವಾ ನಮ್ಮದೇ ಯಂತ್ರವನ್ನು ಏಟಿಗೆ ಅಡ್ಡ ನಿಲ್ಲಿಸಬೇಕಾಗುತ್ತದೆ. ಟಚ್‌ಪ್ಯಾಡಿನಲ್ಲೇ ಆಡಬಹುದು, ಫ್ಯಾನ್ ಸದ್ದು ಮಾಡುವುದಿಲ್ಲ, ಕರೆಂಟ್ ಹೋದರೆ ಬ್ಯಾಟರಿಯ ಮೇಲೆ ಬಹಳ ಹೊತ್ತು ಎಳೆಯುತ್ತದೆ. ನೂರಾರು ಕೋಟಿ ಸುರಿದು ಮಾಡಿದ ಆಟಗಳಲ್ಲಿ ನನಗೆ ಇಷ್ಟು ಯೋಚನೆ ಮಾಡಿಸಿದ್ದು ಒಂದೂ ಇಲ್ಲ.

ಹಾಲೋ ನೈಟ್ ಬಗ್ಗೆ ಹೊಸದಾಗಿ ಹೇಳುವುದೇನಿಲ್ಲ, ಆಸ್ಟ್ರೇಲಿಯಾದ ಅಡಿಲೇಡ್‌ನ ಪುಟ್ಟ ತಂಡ, ಕೈಯಲ್ಲೇ ಬಿಡಿಸಿದ ಚಿತ್ರ, ಕಂಟ್ರೋಲರ್ ಇದ್ದರೆ ಮಾತ್ರ ಕೈ ಹಾಕಿ. ಸೆಲೆಸ್ಟ್ ಕೂಡ ಹಾಗೇ, ಬೆರಳಿಗೆ ಸವಾಲು. ಕಷ್ಟವಾದರೆ ಆಟದ ವೇಗವನ್ನೇ ತಗ್ಗಿಸಿಕೊಳ್ಳುವ ಸೌಲಭ್ಯ ಅದರಲ್ಲಿದೆ, ನಾಚಿಕೆಪಡದೆ ಬಳಸಿ.

ಬಲಾಟ್ರೋ 2024ರ ಇಸ್ಪೀಟಿನ ಆಟ, ಒಬ್ಬರೇ ಮಾಡಿದ್ದು. ಲವ್ ಎಂಬ ಮುಕ್ತ ಎಂಜಿನ್ (ಆಟ ಕಟ್ಟುವ ತಂತ್ರಾಂಶ) ಮೇಲೆ ಬರೆದದ್ದಾದರೂ ಲಿನಕ್ಸಿಗೆ ಅಂತ ಬೇರೆ ಆವೃತ್ತಿ ಇಲ್ಲ, ಪ್ರೋಟಾನ್‌ನಲ್ಲಿ ಒಂದು ಚೂರೂ ತೊಂದರೆಯಿಲ್ಲದೆ ಓಡುತ್ತದೆ. ಪೆಂಗ್ವಿನ್ ನೋಡಿ ಕೊಳ್ಳುವವರು ಕಳೆದುಕೊಳ್ಳುವುದು ಇಂಥದ್ದನ್ನು. ಇಸ್ಪೀಟು ಅಂದ ತಕ್ಷಣ ಮನೆಯಲ್ಲಿ ಹುಬ್ಬೇರಿಸಿದರೆ ಹೇಳಿ, ಇದರಲ್ಲಿ ದುಡ್ಡು ಕಟ್ಟುವುದು ಇಲ್ಲ. ಆಟಗಳಿಗೆ ವಯಸ್ಸಿನ ಮಿತಿ ಹಾಕುವ ಯುರೋಪಿನ ಪೆಗಿಯವರೂ ಹಾಗೇ ಹುಬ್ಬೇರಿಸಿ 18 ವರ್ಷದ ಮುದ್ರೆ ಒತ್ತಿದ್ದರು, 2025ರಲ್ಲಿ ಮೇಲ್ಮನವಿಯ ನಂತರ 12ಕ್ಕೆ ಇಳಿಸಿದರು. ನನಗೆ ಮಾತ್ರ ಅದು ಚಟವಾಗುವ ಲಕ್ಷಣ ಕಂಡು ಅನ್‌ಇನ್‌ಸ್ಟಾಲ್ ಮಾಡಿದೆ. ಆಟ ಚೆನ್ನಾಗಿದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ದುಡ್ಡೇ ಬೇಡ ಅನ್ನುವವರಿಗೆ ಮೈಂಡಸ್ಟ್ರಿ, ಶ್ಯಾಟರ್ಡ್ ಪಿಕ್ಸೆಲ್ ಡಂಜನ್ ಇವೆ. ಎರಡೂ ಮುಕ್ತ ತಂತ್ರಾಂಶದ ಜಿಪಿಎಲ್ ಲೈಸೆನ್ಸಿನವು. ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಿಂದ ಉಚಿತವಾಗಿ ಇಳಿಸಿಕೊಳ್ಳಬಹುದು, ಸ್ಟೀಮ್‌ನಲ್ಲಿ ದುಡ್ಡಿಗೂ ಸಿಗುತ್ತವೆ. ಆಡಿ ಇಷ್ಟವಾದರೆ ಸ್ಟೀಮ್‌ನಲ್ಲಿ ಕೊಳ್ಳಿ. ಯುಪಿಐನಲ್ಲೇ ಕಟ್ಟಬಹುದು. ಇಂಡೀ ಆಟಗಳ ತಾಣ ಇಚ್ ಡಾಟ್ ಐಒದಲ್ಲಿ ಇನ್ನೂ ವಿಚಿತ್ರ, ಇನ್ನೂ ಪುಟ್ಟ ಆಟಗಳು ಸಿಗುತ್ತವೆ, ಆದರೆ ಅಲ್ಲಿ ವಿದೇಶೀ ಪಾವತಿ ಚಾಲೂ ಇರುವ ಕಾರ್ಡೋ ಪೇಪಾಲೋ ಬೇಕು, ಅರ್ಧ ಜನ ಅಲ್ಲೇ ವಾಪಸ್ಸು. ಜಿಒಜಿ ಎಂಬ ಇನ್ನೊಂದು ಅಂಗಡಿಯಲ್ಲಿ ಕೊಂಡದ್ದನ್ನು ಹೀರೋಯಿಕ್ ಲಾಂಚರ್ ಎಂಬ ತಂತ್ರಾಂಶದಲ್ಲಿ ಆಡಬಹುದು.

ಇನ್ನು ಚಿಕ್ಕಪ್ಪನ ಮಗನ ಪ್ರಶ್ನೆ: "ಅಣ್ಣಾ, ವ್ಯಾಲರಂಟ್ ಓಡುತ್ತಾ?" ಇಲ್ಲ ಕಣೋ. ಆನ್‌ಲೈನ್ ಆಟ ಅದು, ಮೋಸದಾಟ ತಡೆಯುವ ಅದರ ಆಂಟಿ ಚೀಟ್ ವಿಂಡೋಸ್ ಕರ್ನಲ್ಲಿನೊಳಗೆ ಕೂರುತ್ತದೆ, ಪ್ರೋಟಾನ್ ಕೈಲಿ ಅದು ಆಗದ ಕೆಲಸ. ಏಪೆಕ್ಸ್ ಲೆಜೆಂಡ್ಸ್ ಓಡುತ್ತಿತ್ತು, 2024ರ ಅಕ್ಟೋಬರ್ ಕೊನೆಗೆ ಮೋಸಗಾರರ ನೆಪದಲ್ಲಿ ಲಿನಕ್ಸನ್ನೇ ಹೊರಗಟ್ಟಿದರು. ಸಂಜೆಯಾದರೆ ಗೆಳೆಯರ ಜೊತೆ ಅಂಥ ಆಟವೇ ಬೇಕು ಅನ್ನುವ ಹುಡುಗರಿಗೆ ನಾನು ಲಿನಕ್ಸ್ ಹಾಕಿಕೊಡುವುದಿಲ್ಲ, ವಿಂಡೋಸ್‌ನಲ್ಲೇ ಇರಿ ಅನ್ನುತ್ತೇನೆ. ಒಬ್ಬರೇ ಕೂತು ಆಡುವ ಇಂಡೀ ಆಟಗಳಿಗೆ ಆ ರಗಳೆಯೇ ಇಲ್ಲ.

ನಮ್ಮ ಕಡೆ ಆಟ ಮಾಡುತ್ತಿರುವ ಹುಡುಗ ಹುಡುಗಿಯರು ಯಾರಾದರೂ ಓದುತ್ತಿದ್ದರೆ ಎರಡು ಮಾತು. ಯುನಿಟಿ ಎಂಬ ಎಂಜಿನ್‌ನಲ್ಲಿ ಮಾಡುತ್ತಿದ್ದೀರಾದರೆ ಲಿನಕ್ಸ್ ಆವೃತ್ತಿಗೆ ತಲೆಕೆಡಿಸಿಕೊಳ್ಳಬೇಡಿ. ವಿಂಡೋಸ್ ಆವೃತ್ತಿಯನ್ನೇ ಬಿಡುಗಡೆಗೆ ಮುಂಚೆ ಒಮ್ಮೆ ಪ್ರೋಟಾನ್‌ನಲ್ಲಿ ಆಡಿ ನೋಡಿ, ಕಟ್‌ಸೀನ್ (ಆಟದ ನಡುವೆ ಕಥೆ ತೋರಿಸುವ) ವಿಡಿಯೋಗಳು ಓಡುತ್ತವೆಯೇ ಅಂತ ವಿಶೇಷವಾಗಿ ನೋಡಿ, ಬಹಳ ಆಟಗಳು ಎಡವುವುದು ಅಲ್ಲೇ. ಇನ್ನೂ ಶುರು ಮಾಡಿಲ್ಲ ಎಂದಾದರೆ ಗೋಡೋ ಕಲಿಯಿರಿ. ಅರ್ಜೆಂಟೀನಾದ ಇಬ್ಬರು ಶುರು ಮಾಡಿ 2014ರಲ್ಲಿ ಮುಕ್ತವಾಗಿ ಬಿಟ್ಟ ಎಂಜಿನ್ ಅದು. ನಮಗೆ ಅದರಲ್ಲಿ ಬೇರೆಯೇ ಒಂದು ಲಾಭ ಇದೆ. ಹಳೇ ಗೋಡೋ 3ರಲ್ಲಿ 'ಕನ್ನಡ' ಅಂತ ಬರೆದರೆ ನ ಅಡಿಯ ಒತ್ತು ಕೆಳಗೆ ಕೂರದೆ ಅಕ್ಷರ ಒಡೆದುಹೋಗುತ್ತಿತ್ತು. 2023ರ ಮಾರ್ಚ್‌ನಲ್ಲಿ ಬಂದ ಗೋಡೋ 4, ಅಕ್ಷರ ಜೋಡಿಸುವ ಹಾರ್ಫ್‌ಬಝ್ ಎಂಬ ಲೈಬ್ರರಿ ಬಳಸಿಕೊಂಡು ಒತ್ತಕ್ಷರ, ಗುಣಿತ ಎರಡನ್ನೂ ಸರಿಯಾಗಿ ಕೂರಿಸುತ್ತದೆ. ಕನ್ನಡದ ಸಂಭಾಷಣೆ ಇರುವ ಆಟ ಮಾಡುವುದಕ್ಕೆ ಈಗ ತಾಂತ್ರಿಕ ಅಡ್ಡಿ ಉಳಿದಿಲ್ಲ. ಯಾರಾದರೂ ಮಾಡುತ್ತಿದ್ದರೆ ಲಿಂಕ್ ಹಾಕಿ, ಅರ್ಧಂಬರ್ಧ ಡೆಮೋ ಆದರೂ ಪರವಾಗಿಲ್ಲ. ಆಡಿ ನೋಡಿ, ಲಾಗ್ ಫೈಲಿನ ಸಮೇತ ದೂರು ಬರೆದು ಕಳಿಸುತ್ತೇನೆ.