ಹರಿಯೋ ನೀರು ಎಲ್ಲಿಗೆ ಹೋಗುತ್ತೆ?

ಬೆಳಿಗ್ಗೆಯಿಂದ ತಲೆ ಕೆಟ್ಟೋಗಿದೆ, ಇಲ್ಲಿ ಬರೀದೇ ಇದ್ರೆ ಸಮಾಧಾನ ಆಗಲ್ಲ. ಕಾಲುವೆ ಏರಿ ಮೇಲೆ ಒಬ್ಬ ಹುಡುಗ ಬೆಳೆಗೆ ಕೀಟನಾಶಕ ಔಷಧಿ ಹೊಡೆದು ಬಂದು ಅದರ ಟ್ಯಾಂಕ್ ತೊಳೀತಿದ್ದ. ನೀರು ತುಂಬೋದು, ಮುಚ್ಚಳ ಹಾಕಿ ಕುಲುಕೋದು, ಹಾಲಿನ ಥರ ಬೆಳ್ಳಗಾದ ನೀರನ್ನ ಸೀದಾ ಕಾಲುವೆಗೆ ಸುರಿಯೋದು. ಬರಿಗೈ, ಷರ್ಟಿನ ಬೆನ್ನೆಲ್ಲಾ ಒದ್ದೆ. ಯಾಕಪ್ಪಾ ಹೀಗೆ ಅಂದ್ರೆ "ಹರಿಯೋ ನೀರಲ್ವಾ ಅಕ್ಕಾ, ಹೋಗ್ಬಿಡುತ್ತೆ" ಅಂದ.

ಎಲ್ಲಿಗೆ ಹೋಗುತ್ತೆ? ಕೆಳಗಡೆ ಇರೋರ ಹತ್ರ ಹೋಗುತ್ತೆ, ಅಷ್ಟೇ.

ನಾನು ನೀರಿನ ಲ್ಯಾಬಲ್ಲಿ ಕೆಲಸ ಮಾಡೋಳು ಅಂತ ನಿಮಗೆಲ್ಲ ಗೊತ್ತು, ಹಾಗಾಗಿ ಒಂದು ಲೆಕ್ಕ ಹೇಳ್ತೀನಿ. ಯುರೋಪಿಯನ್ ಒಕ್ಕೂಟದಲ್ಲಿ ಕುಡಿಯೋ ನೀರಲ್ಲಿ ಯಾವುದೇ ಒಂದು ಕೀಟನಾಶಕ ಲೀಟರಿಗೆ 0.1 ಮೈಕ್ರೋಗ್ರಾಂ (ಒಂದು ಮೈಕ್ರೋಗ್ರಾಂ ಅಂದ್ರೆ ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಪಾಲು) ದಾಟಬಾರದು. ಆ ಲೆಕ್ಕದಲ್ಲಿ ಬರೀ 1 ಗ್ರಾಂ ವಿಷ 1 ಕೋಟಿ ಲೀಟರ್ ನೀರನ್ನ ಆ ಮಿತಿಗೆ ತಂದು ನಿಲ್ಲಿಸುತ್ತೆ. ಒಂದು ಗ್ರಾಂ ಅಂದ್ರೆ ಬಾಟಲಿ ತಳದಲ್ಲಿ ಅಂಟ್ಕೊಂಡು ಉಳಿಯೋವಷ್ಟು, ನಾವು ಖಾಲಿ ಆಯ್ತು ಅಂತ ಬಿಸಾಕ್ತೀವಲ್ಲ ಅದರಲ್ಲಿ ಇರೋವಷ್ಟು.

ಮತ್ತೆ ಲ್ಯಾಬಿಗೆ ಬರೋರೆಲ್ಲ ಹೇಳೋದು ಒಂದೇ, ನಮ್ ನೀರು ತಿಳಿಯಾಗಿದೆ ಮೇಡಂ, ಟಿಡಿಎಸ್ ಕಮ್ಮಿ ಇದೆ. ಅಯ್ಯೋ, ಟಿಡಿಎಸ್ ಮೀಟರ್ ತೋರ್ಸೋದು ಕರಗಿರೋ ಲವಣಗಳನ್ನ, ಕೀಟನಾಶಕ ಅದಕ್ಕೆ ಕಾಣೋದೇ ಇಲ್ಲ! ಕುದಿಸಿದ್ರೆ ಬ್ಯಾಕ್ಟೀರಿಯಾ ಸಾಯುತ್ತೆ, ಆದ್ರೆ ಈ ಕೆಮಿಕಲ್‌ಗಳಲ್ಲಿ ಎಷ್ಟೋ ಹಾಗೇ ಉಳಿಯುತ್ವೆ, ನೀರು ಆವಿಯಾಗಿ ಕಮ್ಮಿ ಆದಷ್ಟೂ ಇನ್ನೂ ಗಟ್ಟಿ ಆಗುತ್ವೆ. ಇದನ್ನ ಎಷ್ಟು ಸಲ ಹೇಳಿದ್ರೂ ಜನ ನಂಬಲ್ಲ, ಕಣ್ಣಿಗೆ ಕಾಣಲ್ವಲ್ಲ.

ಆ ಹುಡುಗನ ಕೈ ನೆನೆಸ್ಕೊಂಡ್ರೆ ನಿಜವಾಗ್ಲೂ ಹೊಟ್ಟೆ ಉರಿಯುತ್ತೆ. ಆರ್ಗನೋಫಾಸ್ಫೇಟ್ ಜಾತಿಯ ಔಷಧಿ ಆದ್ರೆ ಚರ್ಮದಿಂದಲೇ ಒಳಗೆ ಹೋಗುತ್ತೆ, ನರಗಳ ಸಂದೇಶ ಮುಗಿದ ಮೇಲೆ ನಿಲ್ಲಿಸೋ ಕಿಣ್ವವನ್ನೇ ಕಟ್ಟಿಹಾಕುತ್ತೆ. ಬೆವರು, ಜೊಲ್ಲು, ಕಣ್ಣು ಮಂಜು, ಮಾಂಸಖಂಡ ಅದುರೋದು, ಜಾಸ್ತಿ ಆದ್ರೆ ಉಸಿರೇ ನಿಲ್ಲುತ್ತೆ. ಬಿಸಿಲಿಗೆ ತಲೆನೋವು ಅಂದ್ಕೊಂಡು ಮಲಗೋರು ಎಷ್ಟು ಜನ ಇದಾರೋ. ಆ ಒದ್ದೆ ಷರ್ಟು ಮನೆಗೆ ಹೋಗಿ ಮಕ್ಕಳ ಬಟ್ಟೆ ಜೊತೆಗೇ ನೆನೆಯುತ್ತೆ.

ಹೋಗ್ಬಿಡುತ್ತೆ ಅನ್ನೋರು ಕೆರಿಬಿಯನ್ ಸಮುದ್ರದಲ್ಲಿ ಫ್ರಾನ್ಸಿಗೆ ಸೇರಿದ ಮಾರ್ಟಿನೀಕ್, ಗ್ವಾಡಲೂಪ್ ದ್ವೀಪಗಳ ಕಥೆ ತಿಳ್ಕೋಬೇಕು. ಬಾಳೆತೋಟಕ್ಕೆ 1972ರಿಂದ 1993ರವರೆಗೆ ಕ್ಲೋರ್ಡಿಕೋನ್ ಅನ್ನೋ ಕೀಟನಾಶಕ ಹಾಕಿದ್ರು. ನಿಲ್ಲಿಸಿ 30 ವರ್ಷ ದಾಟಿದೆ, ಇನ್ನೂ ಮಣ್ಣಲ್ಲಿದೆ, ನೀರಿನ ಸೆಲೆಗಳಲ್ಲಿದೆ, ಅಲ್ಲಿನ 90%ಗಿಂತ ಹೆಚ್ಚು ವಯಸ್ಕರ ರಕ್ತದಲ್ಲಿದೆ, ಕೆಲವು ಕಡೆ ಮೀನು ಹಿಡಿಯೋದನ್ನೇ ನಿಷೇಧ ಮಾಡಿದಾರೆ. ಎಲ್ಲಿಗೂ ಹೋಗಿಲ್ಲ ಅದು.

ಔಷಧಿ ಹೊಡೀದೇ ಬೆಳೆ ಹೆಂಗೆ ಬರುತ್ತೆ, ಎಸಿ ರೂಮಲ್ಲಿ ಕೂತು ಮಾತಾಡೋದು ಸುಲಭ ಅಂತ ಕೆಲವರು ಬರ್ತೀರ, ಗೊತ್ತು. ಬೆಳೆ ಹೋದ್ರೆ ರೈತನ ಗತಿ ಏನು ಅಂತ ನನಗೂ ಗೊತ್ತು. ಆದ್ರೆ ಕಾಲುವೆಗೆ ಸುರಿದ ಔಷಧಿ ಯಾವ ಹುಳಾನ ಸಾಯಿಸ್ತು, ಯಾವ ಬೆಳೆ ಉಳಿಸ್ತು ಹೇಳಿ? ದುಡ್ಡು ಕೊಟ್ಟು ತಂದಿದ್ದು ನೀರುಪಾಲು, ಅಷ್ಟೇ ಆಗಿದ್ದು.

ಹುಡುಗನ ಮೇಲೆ ನಂಗೆ ಸಿಟ್ಟಿಲ್ಲ. "ಹಂಗಾದ್ರೆ ಎಲ್ಲಿ ಚೆಲ್ಲಲಿ?" ಅಂತ ಅವನೇ ಕೇಳಿದ. ಟ್ಯಾಂಕಿಗೆ ಎಷ್ಟು ಮುಚ್ಚಳ ಅಂತ ಹೇಳಿ ಕಳಿಸಿದೋರು ಉಳಿದಿದ್ದನ್ನ ಏನು ಮಾಡಬೇಕು ಅಂತ ಹೇಳೇ ಇಲ್ಲ. ಖಾಲಿ ಬಾಟಲಿನ ಮೂರು ಸಲ ತೊಳೆದು ಆ ನೀರನ್ನ ಟ್ಯಾಂಕಿಗೇ ಹಾಕ್ಕೋಬೇಕು, ಟ್ಯಾಂಕ್ ತೊಳೆದ ನೀರನ್ನ ಔಷಧಿ ಹೊಡೆದ ಹೊಲಕ್ಕೇ ಹೊಡೀಬೇಕು, ಬಾವಿ ಕಾಲುವೆ ಹತ್ರ ಬರಲೇಬಾರದು. ನೀರು ತುಂಬ್ಸೋವಾಗ ಪೈಪನ್ನ ಟ್ಯಾಂಕೊಳಗೆ ಮುಳುಗಿಸಬಾರದು, ಮೋಟಾರ್ ನಿಂತ್ರೆ ಔಷಧಿ ನೀರು ವಾಪಸ್ ಬಾವಿಗೆ ಎಳ್ಕೊಳ್ಳೋ ಚಾನ್ಸ್ ಇದೆ. ಇಷ್ಟು ಹೇಳೋಕೆ ಎರಡು ನಿಮಿಷ ಬೇಡ. ಔಷಧಿ ಮಾರೋ ವ್ಯಾಪಾರದಲ್ಲಿ ಇರೋರು ಯಾರಾದ್ರೂ ಇದನ್ನ ಓದ್ತಿದ್ರೆ, ಬಾಟಲಿ ಕೈಗೆ ಕೊಡೋವಾಗಲೇ ಹೇಳಿ, ಕೈ ಮುಗಿದು ಕೇಳ್ಕೋತೀನಿ.