ಒತ್ತಡ ಇಳಿದಷ್ಟೂ ವಿದ್ಯುತ್ ಸಲೀಸೇ?

ಎಲೆಕ್ಟ್ರಾನಿನ ಕಥೆ ಹೇಳುವ ನಿಮ್ಮ ಲೇಖನ ಚೆನ್ನಾಗಿದೆ. ಆದರೆ ‘ವಿಸರ್ಜನಾ ನಳಿಕೆಯಲ್ಲಿ (ಅನಿಲದ ಮೂಲಕ ವಿದ್ಯುತ್ ಹರಿಸುವ ಗಾಜಿನ ಕೊಳವೆಯಲ್ಲಿ) ಅನಿಲದ ಒತ್ತಡ ಕಡಿಮೆಯಾದಷ್ಟೂ ವಿದ್ಯುತ್ ಸಲೀಸಾಗಿ ಹರಿಯುತ್ತದೆ’ ಎಂಬ ಮಾತು ಅರ್ಧ ಮಾತ್ರ ಸರಿ. ವಿದ್ಯಾರ್ಥಿಗಳು ಓದುವ ಬರಹವಾದ್ದರಿಂದ ಹೇಳಲೇಬೇಕಾಗಿದೆ.

ಒತ್ತಡ ಹೆಚ್ಚಿದ್ದರೆ ಎಲೆಕ್ಟ್ರಾನು ಹೆಜ್ಜೆಹೆಜ್ಜೆಗೂ ಅಣುಗಳಿಗೆ ಡಿಕ್ಕಿ ಹೊಡೆದು, ಅವುಗಳನ್ನು ಅಯಾನೀಕರಿಸುವಷ್ಟು, ಅಂದರೆ ಅವುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ವಿದ್ಯುತ್ ಹರಿಯುವಂತೆ ಮಾಡುವಷ್ಟು, ಶಕ್ತಿ ಗಳಿಸುವುದಿಲ್ಲ. ತೀರಾ ಇಳಿಸಿದರೆ ಡಿಕ್ಕಿಗೆ ಅಣುಗಳೇ ಸಿಗುವುದಿಲ್ಲ. 1889ರ ಪಾಶೆನ್ ನಿಯಮದ ಪ್ರಕಾರ ವಿದ್ಯುತ್ ಹರಿಯತೊಡಗಲು ಬೇಕಾಗುವ ವೋಲ್ಟೇಜು, ಅನಿಲದ ಒತ್ತಡ ಮತ್ತು ವಿದ್ಯುದ್ವಾರಗಳ (ವಿದ್ಯುತ್ ಒಳಬಂದು ಹೊರಹೋಗುವ ಲೋಹದ ತುದಿಗಳ) ನಡುವಿನ ಅಂತರದ ಗುಣಲಬ್ಧವನ್ನು ಅವಲಂಬಿಸಿದೆ. ಈ ಗುಣಲಬ್ಧ ಕಡಿಮೆಯಾಗುತ್ತಾ ಹೋದಂತೆ ಗಾಳಿಯಲ್ಲಿ ಆ ವೋಲ್ಟೇಜು ಸುಮಾರು 330 ವೋಲ್ಟಿನವರೆಗೆ ಇಳಿದು ಮತ್ತೆ ಏರತೊಡಗುತ್ತದೆ.

ಪಂಪು ಗಾಳಿ ಎಳೆಯುತ್ತಿರುವಾಗ ನಳಿಕೆಯನ್ನು ನೋಡಬೇಕು! ಮೊದಲು ಬಳುಕುವ ಬೆಳಕಿನ ಎಳೆಗಳು, ಆಮೇಲೆ ಉದ್ದಕ್ಕೂ ಗುಲಾಬಿ ಹೊಳಪು, ಅದೂ ಪಟ್ಟೆಪಟ್ಟೆಯಾಗಿ ಒಡೆಯುತ್ತದೆ. ಕ್ಯಾಥೋಡಿನ (ಋಣ ವಿದ್ಯುದ್ವಾರದ) ಬಳಿಯ ಕತ್ತಲು ಹಿಗ್ಗುತ್ತಾ ಇಡೀ ನಳಿಕೆಯನ್ನು ನುಂಗಿದಾಗ ಗಾಜೇ ಹಸಿರಾಗಿ ಮಿನುಗುತ್ತದೆ.

ಇನ್ನೊಂದು ಮಾತು. ವಿದ್ಯುತ್ ಕ್ಷೇತ್ರದಲ್ಲಿ ಕ್ಯಾಥೋಡ್ ಕಿರಣ, ಅಂದರೆ ಕ್ಯಾಥೋಡಿನಿಂದ ಹೊರಡುವ ಎಲೆಕ್ಟ್ರಾನುಗಳ ಪ್ರವಾಹ, ಬಾಗುವುದು ಭೌತವಿಜ್ಞಾನಿ ಹರ್ಟ್ಸ್ ಅವರಿಗೆ ಕಾಣಲಿಲ್ಲ. ನಳಿಕೆಯಲ್ಲಿ ಉಳಿದಿದ್ದ ಅನಿಲವೇ ಅಡ್ಡಿಯಾಗಿತ್ತು. ಒತ್ತಡವನ್ನು ಇನ್ನೂ ಇಳಿಸಿದ್ದರಿಂದಲೇ 1897ರಲ್ಲಿ, ಎಲೆಕ್ಟ್ರಾನನ್ನು ಕಂಡುಹಿಡಿದ ಥಾಮ್ಸನ್ ಅವರಿಗೆ ಅದು ಕಂಡಿತು. ಎಲೆಕ್ಟ್ರಾನಿನ ಕಥೆ ಹೇಳುವ ಲೇಖನದಲ್ಲಿ ನಿರ್ವಾತ ಪಂಪಿಗೆ ಒಂದು ಸಾಲೂ ಇಲ್ಲ, ದಯವಿಟ್ಟು ಸೇರಿಸಿ.