ಎಸ್‌ಇಒ ಪ್ಯಾಕೇಜಿಗೆ ದುಡ್ಡು ಕಟ್ಟುವ ಮೊದಲು ನಿಮ್ಮ ವಾಟ್ಸಾಪ್ ತೆರೆದು ನೋಡಿ

ಮಂಗಳೂರು, ಉಡುಪಿ ಕಡೆಯ ಸಣ್ಣ ವ್ಯಾಪಾರಸ್ಥರಿಗೆ ಒಂದು ಮಾತು. ಕೇಟರಿಂಗ್, ಹೋಮ್‌ಸ್ಟೇ, ಎಸಿ ರಿಪೇರಿ, ಹಪ್ಪಳ-ಉಪ್ಪಿನಕಾಯಿ, ಏನೇ ಇರಲಿ, ವೆಬ್‌ಸೈಟ್ ಮಾಡಿಸಿದ ಮೇಲೆ "ಗೂಗಲ್‌ನಲ್ಲಿ ಬರುದೇ ಇಲ್ಲ ಮಾರಾಯ್ರೆ" ಅಂತ ಹೇಳದವರು ಕಡಿಮೆ. ಅಷ್ಟರಲ್ಲಿ ಎಸ್‌ಇಒ, ಅಂದರೆ ಗೂಗಲ್ ಹುಡುಕಾಟದಲ್ಲಿ ಸೈಟ್ ಮೇಲೆ ಬರುವ ಹಾಗೆ ಮಾಡುವ ಕೆಲಸ, ಮಾಡಿಕೊಡುವವರ ಫೋನ್ ಬರ್ತದೆ: ತಿಂಗಳಿಗೆ ಇಷ್ಟು ಕೊಡಿ, ಮೂರು ತಿಂಗಳಲ್ಲಿ ನಂಬರ್ ಒನ್, ಗ್ಯಾರಂಟಿ. ಗ್ಯಾರಂಟಿ ಅಂದ ಕೂಡಲೇ ಫೋನ್ ಇಡಬಹುದು. ಮೊದಲ ಸ್ಥಾನದ ಗ್ಯಾರಂಟಿ ಯಾರಿಂದಲೂ ಆಗುವುದಿಲ್ಲ ಅಂತ ಗೂಗಲ್ಲೇ ತನ್ನ ಮಾರ್ಗದರ್ಶಿಯಲ್ಲಿ ಬರೆದಿಟ್ಟಿದೆ. ಮಾಡಿದ ಕೆಲಸದ ಫಲ ಕಾಣಲು ಹೆಚ್ಚಿನ ಸಲ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು ಅಂತಲೂ ಅಲ್ಲೇ ಉಂಟು.

ಐದು-ಹತ್ತು ಪುಟದ ಸೈಟಿಗೆ ತಿಂಗಳ ಪ್ಯಾಕೇಜ್ ದಂಡ ಅಂತ ನನ್ನ ಅಭಿಪ್ರಾಯ. ತಾಂತ್ರಿಕ ಕೆಲಸ ಎರಡು ಭಾನುವಾರದ್ದು. ಉಳಿದದ್ದು ನಿಮ್ಮ ಗಿರಾಕಿ ಎಂತ ಕೇಳ್ತಾನೆ ಅನ್ನುವುದು. ಅದು ದೂರದ ಊರಿನ ಆಫೀಸಿನಲ್ಲಿ ಕೂತ ಹುಡುಗನಿಗೆ ಗೊತ್ತಿರುವುದಿಲ್ಲ, ನಿಮಗೆ ಗೊತ್ತಿರ್ತದೆ.

ಮೊದಲು ಸೈಟ್ ಗೂಗಲ್‌ನಲ್ಲಿ ಸೇರಿದೆಯೋ ಇಲ್ಲವೋ ನೋಡಿ. ಸರ್ಚ್ ಬಾಕ್ಸಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ 'ಸೈಟ್' ಅಂತ ಬರೆದು, ಕೋಲನ್ ಹಾಕಿ, ಜಾಗ ಬಿಡದೆ ನಿಮ್ಮ ಡೊಮೇನ್ ಹೆಸರು (ಸೈಟಿನ ವಿಳಾಸ) ಟೈಪ್ ಮಾಡಿ. ನಿಮ್ಮ ಪುಟಗಳು ಬಂದರೆ ಸೇರಿದೆ. ಒಂದೂ ಬಾರದಿದ್ದರೆ, ವರ್ಡ್‌ಪ್ರೆಸ್ ಅನ್ನುವ ಸಾಫ್ಟ್‌ವೇರಿನಲ್ಲಿ ಕಟ್ಟಿದ ಸೈಟ್ ಆಗಿದ್ದಲ್ಲಿ ಸೆಟ್ಟಿಂಗ್ಸ್ ಒಳಗೆ ರೀಡಿಂಗ್ ತೆರೆಯಿರಿ. 'ಡಿಸ್ಕರೇಜ್ ಸರ್ಚ್ ಇಂಜಿನ್ಸ್' ಅಂತ ಶುರುವಾಗುವ ಒಂದು ಟಿಕ್ ಬಾಕ್ಸ್ ಉಂಟು. ಅರ್ಧಂಬರ್ಧ ಸೈಟ್ ಹೊರಗೆ ಕಾಣಬಾರದು ಅಂತ ಕಟ್ಟುವಾಗ ಅದಕ್ಕೆ ಟಿಕ್ ಹಾಕಿರ್ತಾರೆ. ಸೈಟ್ ನಿಮ್ಮ ಕೈಗೆ ಕೊಡುವ ದಿನ ತೆಗೆಯಲು ಮರೆತು ಹೋಗ್ತದೆ. ಆ ಒಂದು ಟಿಕ್ ಇರುವವರೆಗೆ ಬೇರೆ ಎಂತ ಮಾಡಿದರೂ ನೀರಿನಲ್ಲಿಟ್ಟ ಹೋಮ. ವರ್ಡ್‌ಪ್ರೆಸ್ ಅಲ್ಲದಿದ್ದರೆ ಡೊಮೇನ್ ಹೆಸರಿನ ಕೊನೆಗೆ ಓರೆಗೆರೆ ಹಾಕಿ ರೋಬಾಟ್ಸ್ ಡಾಟ್ ಟಿಎಕ್ಸ್‌ಟಿ ಅಂತ ಬರೆದು ತೆರೆಯಿರಿ. ಅಲ್ಲಿ ಯೂಸರ್ ಏಜೆಂಟ್ ಎದುರು ನಕ್ಷತ್ರ, ಕೆಳಗೆ 'ಡಿಸ್‌ಅಲೋ' ಎದುರು ಬರೀ ಒಂದು ಓರೆಗೆರೆ ಇದ್ದರೆ ಇಡೀ ಸೈಟಿನ ಬಾಗಿಲು ಹಾಕಿದ್ದಾರೆ ಅಂತ ಲೆಕ್ಕ.

ಅದಾದ ಮೇಲೆ ಗೂಗಲ್ ಸರ್ಚ್ ಕನ್ಸೋಲ್, ಅಂದರೆ ನಿಮ್ಮ ಸೈಟ್ ಹುಡುಕಾಟದಲ್ಲಿ ಹೇಗೆ ಕಾಣ್ತದೆ ಅಂತ ತೋರಿಸುವ ಗೂಗಲಿನದ್ದೇ ಸಾಧನ. ಇದು ಪೂರ್ತಿ ಉಚಿತ. ಸೈಟ್ ನಿಮ್ಮದೇ ಅಂತ ತೋರಿಸಲು ಅದು ಒಂದು ಸಾಲಿನ ಕೋಡ್ ಕೊಡ್ತದೆ. ಡೊಮೇನ್ ತೆಗೆದುಕೊಂಡ ಕಂಪನಿಯ ಲಾಗಿನ್‌ನಲ್ಲಿ ಡಿಎನ್‌ಎಸ್ (ಡೊಮೇನಿನ ಸೆಟ್ಟಿಂಗ್ಸ್ ಇರುವ) ವಿಭಾಗಕ್ಕೆ ಹೋಗಿ ಅದನ್ನು ಟಿಎಕ್ಸ್‌ಟಿ ರೆಕಾರ್ಡ್ ಆಗಿ ಸೇರಿಸಬೇಕು. ಎಷ್ಟೋ ಜನ ಸಿಕ್ಕಿಬೀಳುವುದು ಇಲ್ಲೇ: ಡೊಮೇನ್ ಲಾಗಿನ್ ಅವರ ಹತ್ತಿರ ಇರುವುದಿಲ್ಲ, ಸೈಟ್ ಮಾಡಿಕೊಟ್ಟವನ ಇಮೇಲ್‌ನಲ್ಲಿ ಇರ್ತದೆ. ಅವನು ದುಬೈಗೆ ಹೋಗಿ ಹಳೆಯ ಇಮೇಲ್ ನೋಡುವುದು ಬಿಟ್ಟರೆ ರಿನ್ಯೂವಲ್ ನೋಟಿಸ್ ಯಾರಿಗೂ ಗೊತ್ತಾಗದೆ ಸೈಟ್ ಒಂದು ಬೆಳಗ್ಗೆ ಮಾಯ. ಡೊಮೇನ್ ನಿಮ್ಮ ಹೆಸರಿಗೆ, ನಿಮ್ಮ ಇಮೇಲಿಗೆ, ನಿಮ್ಮ ಫೋನ್ ನಂಬರಿಗೆ ಬರುವ ತನಕ ಉಳಿದ ಕೆಲಸ ಶುರು ಮಾಡುವುದೇ ಬೇಡ.

ಕನ್ಸೋಲ್ ತೆರೆದ ಮೇಲೆ ಸೈಟ್‌ಮ್ಯಾಪ್ (ನಿಮ್ಮ ಪುಟಗಳ ಪಟ್ಟಿಯ ಫೈಲ್) ವಿಳಾಸ ಕೊಡಿ. ವರ್ಡ್‌ಪ್ರೆಸ್ 2020ರ 5.5 ಆವೃತ್ತಿಯಿಂದ ಅದನ್ನು ತಾನೇ ಮಾಡಿಕೊಳ್ತದೆ. ಮುಖ್ಯ ಪುಟಗಳ ವಿಳಾಸ ಒಂದೊಂದಾಗಿ ಮೇಲಿನ ಬಾಕ್ಸಿನಲ್ಲಿ ಹಾಕಿ 'ರಿಕ್ವೆಸ್ಟ್ ಇಂಡೆಕ್ಸಿಂಗ್' ಒತ್ತಿ, ಪುಟ ಸೇರಿಸಿಕೊಳ್ಳಿ ಅಂತ ಗೂಗಲಿಗೆ ಹೇಳುವುದು ಅದು. ಒಂದೇ ಪುಟಕ್ಕೆ ಮತ್ತೆ ಮತ್ತೆ ಒತ್ತಿದರೆ ಬೇಗ ಆಗ್ತದೆ ಅಂತ ಇಲ್ಲ.

ಇನ್ನು ಪುಟದ ಒಳಗೆ. ನಮ್ಮ ಕಡೆಯ ಸೈಟುಗಳ ದೊಡ್ಡ ರೋಗ ಅಂದರೆ ಬ್ರೋಷರನ್ನೇ ಚಿತ್ರ ಮಾಡಿ ಅಂಟಿಸುವುದು. ಹೋಟೆಲಿನ ಮೆನು ಒಂದು ಫೋಟೊ, ಕೇಟರಿಂಗ್ ರೇಟ್ ಕಾರ್ಡ್ ಒಂದು ಫೋಟೊ, ವಿಳಾಸವೂ ಫೋಟೊದಲ್ಲೇ. ಕಂಪ್ಯೂಟರಿನಲ್ಲಿ ನಿಮ್ಮ ಪುಟ ತೆರೆದು ಕಂಟ್ರೋಲ್ ಎಫ್ ಒತ್ತಿ, 'ನೀರ್ ದೋಸೆ' ಅಂತ ಹುಡುಕಿ. ಕಣ್ಣಿಗೆ ಕಾಣುವ ಮಾತು ಹುಡುಕಿದರೆ ಸಿಗದಿದ್ದಲ್ಲಿ ಅದು ಚಿತ್ರ. ಅದನ್ನು ಗೂಗಲ್ ಸರಿಯಾಗಿ ಓದ್ತದೆ ಅಂತ ನಂಬಿ ಕೂರಬೇಡಿ, ಟೈಪ್ ಮಾಡಿ ಹಾಕಿ.

ಕನ್ನಡ ಪುಟ ಇದ್ದರೆ ಇನ್ನೊಂದು ಪೀಕಲಾಟ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಹಳೆಯ ನುಡಿ ಅಥವಾ ಶ್ರೀಲಿಪಿ ಫಾಂಟಿನಲ್ಲಿ ಹೊಡೆದ ಮ್ಯಾಟರನ್ನು ಹಾಗೇ ಕಾಪಿ ಮಾಡಿ ಹಾಕಿದರೆ, ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಕನ್ನಡ ಕಾಣ್ತದೆ. ಗೂಗಲಿಗೆ ಅದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಎಲ್ಲ ಕಂಪ್ಯೂಟರಿಗೂ ಕನ್ನಡ ಅಂತಲೇ ಗೊತ್ತಾಗುವ ಯುನಿಕೋಡಿಗೆ ಪರಿವರ್ತಿಸಿಯೇ ಹಾಕಬೇಕು. ಮಾಡಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಒಮ್ಮೆ ಕಣ್ಣಾಡಿಸಿ, ಪರಿವರ್ತಕಗಳು ಎಡವುವುದು ಅಲ್ಲೇ. ಪುಟದ ವಿಳಾಸವನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಇಡಿ. ಲಿಂಕ್ ಕಾಪಿ ಮಾಡುವಾಗ ಕನ್ನಡದ ಪ್ರತಿ ಚಿಹ್ನೆ ಒಂಬತ್ತು ಅಕ್ಷರ ಆಗ್ತದೆ. 'ಮಂಗಳೂರು' ಅನ್ನುವ ಒಂದು ಪದಕ್ಕೇ 63. ವಾಟ್ಸಾಪಿನಲ್ಲಿ ಅಂಥ ಲಿಂಕ್ ಬಂದರೆ ವೈರಸ್ ಅಂತ ಯಾರೂ ಮುಟ್ಟುವುದಿಲ್ಲ. ಮೂಲೆಯಲ್ಲಿ ಭಾಷೆ ಬದಲಿಸುವ ಅನುವಾದದ ಬಟನ್ ಇಟ್ಟರೆ ಕನ್ನಡ ಪುಟ ಆಯ್ತು ಅಂತ ತಿಳಿಯಬೇಡಿ. ಅದು ನೋಡುವವರ ಬ್ರೌಸರಿನಲ್ಲಿ ಮಾತ್ರ ಬದಲಾಗುವುದು, ಗೂಗಲಿಗೆ ಕನ್ನಡ ಪುಟವೇ ಇಲ್ಲ. ಬೇಕಿದ್ದರೆ ಬೇರೆ ವಿಳಾಸದಲ್ಲಿ ಬೇರೆ ಪುಟವನ್ನೇ ಬರೆಯಿರಿ.

ಟೈಟಲ್ ವಿಷಯ. ಸರ್ಚ್‌ನಲ್ಲಿ ದೊಡ್ಡದಾಗಿ ಕಾಣುವ ಆ ಸಾಲು ನಮ್ಮ ಸುಮಾರು ಸೈಟುಗಳಲ್ಲಿ 'ಹೋಮ್' ಅಂತ ಇರ್ತದೆ, ಇಲ್ಲದಿದ್ದರೆ 'ವೆಲ್‌ಕಮ್ ಟು ಅವರ್ ವೆಬ್‌ಸೈಟ್'. ಬ್ರಹ್ಮಾವರದಲ್ಲಿ ಹಪ್ಪಳ ಮಾಡುವವರಾದರೆ 'ಹಲಸಿನ ಹಪ್ಪಳ, ಬ್ರಹ್ಮಾವರ – ಬೆಂಗಳೂರು, ಮುಂಬೈಗೆ ಕೊರಿಯರ್' ಅಂತ ಬರೆದು ಕೊನೆಗೆ ನಿಮ್ಮ ಹೆಸರು ಹಾಕಿ. ಇಂಗ್ಲಿಷಿನಲ್ಲಾದರೆ 55-60 ಅಕ್ಷರದ ಒಳಗೆ ಇದ್ದರೆ ತುದಿ ಕತ್ತರಿಸಿ ಹೋಗುವುದು ಕಡಿಮೆ. ಪ್ರತಿ ಪುಟಕ್ಕೂ ಬೇರೆ ಟೈಟಲ್ ಬೇಕು. ಮಂಗಳೂರನ್ನು ಇಂಗ್ಲಿಷಿನಲ್ಲಿ ಹೊಸ ಸ್ಪೆಲ್ಲಿಂಗಿನಲ್ಲಿ ಬರೆಯಬೇಕೋ ಹಳೆಯದರಲ್ಲೋ ಅಂತ ತಲೆಬಿಸಿ ಬೇಡ. ಹೆಸರು ಬದಲಾದದ್ದು 2014ರ ನವೆಂಬರ್ 1ಕ್ಕೆ, ಜನ ಎರಡನ್ನೂ ಟೈಪ್ ಮಾಡ್ತಾರೆ. ಟೈಟಲ್‌ನಲ್ಲಿ ಒಂದು, ಒಳಗಿನ ಮಾತಿನಲ್ಲಿ ಇನ್ನೊಂದು ಸಹಜವಾಗಿ ಬಂದರೆ ಸಾಕು. ಮೆಟಾ ಕೀವರ್ಡ್ಸ್ (ಪುಟದ ಕೋಡಿನೊಳಗೆ ಕಾಣದ ಹಾಗೆ ಇಡುವ ಪದಗಳ ಪಟ್ಟಿ) ತುಂಬಿಸಿಕೊಡ್ತೇವೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ರ‍್ಯಾಂಕಿಂಗಿಗೆ ಅದನ್ನು ನೋಡುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿ ಆಗಿದೆ.

ಈಗ ವಾಟ್ಸಾಪ್. ಜನ ಯಾವ ಮಾತಿನಲ್ಲಿ ಹುಡುಕ್ತಾರೆ ಅಂತ ತಿಳಿಯುವ, ಕೀವರ್ಡ್ ರಿಸರ್ಚ್ ಅಂತ ದೊಡ್ಡ ಹೆಸರಿನ ಕೆಲಸದ ಮುಕ್ಕಾಲು ಪಾಲು ನಿಮ್ಮ ಬಿಸಿನೆಸ್ ನಂಬರಿನ ಚಾಟ್‌ನಲ್ಲಿ ಬಿದ್ದಿದೆ. ಹಪ್ಪಳದವರಿಗೆ ಬರುವ ಮೆಸೇಜು ಹೀಗಿರ್ತದೆ: "ಒಂದು ಕಟ್ಟಿನಲ್ಲಿ ಎಷ್ಟು ಉಂಟು?" "ಖಾರ ಹಾಕದ್ದು ಸಿಗ್ತದಾ?" "ಈ ವರ್ಷದ್ದು ಯಾವಾಗ ಬರುದು?" "ಎಷ್ಟು ತಿಂಗಳು ಇಡಬಹುದು?" "ಮಸ್ಕತ್ತಿಗೆ ತಕೊಂಡು ಹೋಗ್ಲಿಕ್ಕೆ ಪ್ಯಾಕ್ ಮಾಡಿ ಕೊಡ್ತೀರಾ?" ಇವಿಷ್ಟಕ್ಕೆ ಉತ್ತರ ಬರೆದರೆ ಒಂದು ಪುಟ ಆಯ್ತು. ತೂಕ, ಸಂಖ್ಯೆ, ಬೆಲೆ, ಹಲಸಿನ ಸೀಸನ್ ಯಾವ ತಿಂಗಳು, ಮಳೆಗಾಲದಲ್ಲಿ ಡಬ್ಬಿ ಹೇಗಿಡಬೇಕು, ಕನಿಷ್ಠ ಆರ್ಡರ್ ಎಷ್ಟು, ಕೊರಿಯರ್ ಎಷ್ಟಾಗ್ತದೆ. 'ಅತ್ಯುತ್ತಮ ಗುಣಮಟ್ಟ, ಗ್ರಾಹಕರ ತೃಪ್ತಿಯೇ ನಮ್ಮ ಗುರಿ' ಅಂತ ಬರೆದದ್ದನ್ನು ಅಳಿಸಿ. ಆ ಮಾತನ್ನು ಗೂಗಲ್‌ನಲ್ಲಿ ಯಾರೂ ಹುಡುಕುವುದಿಲ್ಲ.

ಎಸಿ ರಿಪೇರಿಯವರು ಮಲ್ಪೆ, ಉಳ್ಳಾಲ, ಪಣಂಬೂರು ಬದಿಯಲ್ಲಿ ಕೆಲಸ ಮಾಡುವವರಾದರೆ ಉಪ್ಪುಗಾಳಿಗೆ ಔಟ್‌ಡೋರ್ ಯೂನಿಟ್ ತುಕ್ಕು ಹಿಡಿಯುವ ಬಗ್ಗೆ ಬರೆಯಿರಿ. ಎಲ್ಲಿಂದ ತುಕ್ಕು ಶುರುವಾಗ್ತದೆ, ಎಷ್ಟು ದಿನಕ್ಕೆ ತೊಳೆಯಬೇಕು, ಯಾವ ಹಂತದಲ್ಲಿ ಕಾಯಿಲ್ ಬದಲಿಸುವುದೇ ಲಾಭ, ನಿಮ್ಮ ಚಾರ್ಜ್ ಎಷ್ಟು. ನೀವೇ ತೆಗೆದ ನಾಲ್ಕು ಫೋಟೊ ಹಾಕಿ. ದೆಹಲಿಯಲ್ಲಿ ಕೂತು ಬರೆದವರಿಗೆ ಇದು ಬರುವುದಿಲ್ಲ. ಹೋಮ್‌ಸ್ಟೇಯವರಿಗೆ ಇನ್ನೂ ಸುಲಭ. ಮಳೆಗಾಲದಲ್ಲಿ ಮಲ್ಪೆಯಿಂದ ಸೈಂಟ್ ಮೇರಿಸ್ ದ್ವೀಪಕ್ಕೆ ಬೋಟ್ ನಿಲ್ತದೆ, ಬರುವವರು ಅದನ್ನೇ ಮೊದಲು ಕೇಳುವುದು. ಬೋಟ್ ಇಲ್ಲದ ತಿಂಗಳಲ್ಲಿ ಬಂದರೆ ಎಂತ ನೋಡಬಹುದು ಅಂತ ಒಂದು ಪುಟ ಇರಲಿ. ಸೀಸನ್ ಶುರುವಾಗುವ ಹೊತ್ತಿಗೆ ಬರೆದರೆ ತಡ ಆಯ್ತು, ಎರಡು-ಮೂರು ತಿಂಗಳು ಮೊದಲೇ ಹಾಕಬೇಕು. ಕೇಟರಿಂಗಿನವರಿಗೆ, ಫೋಟೊಗ್ರಾಫರುಗಳಿಗೆ ಆಟಿ ತಿಂಗಳು ಒಳ್ಳೆಯ ಸಮಯ. ಮದುವೆ ಇಲ್ಲ, ಹೊರಗೆ ಮಳೆ, ಸೈಟ್ ತಿದ್ದಲಿಕ್ಕೆ ಕೂರಬಹುದು.

ಮಾಡಬಾರದ್ದು ಒಂದು ಉಂಟು. 'ಕದ್ರಿಯಲ್ಲಿ ಎಸಿ ರಿಪೇರಿ', 'ಬಿಜೈಯಲ್ಲಿ ಎಸಿ ರಿಪೇರಿ', 'ಕಂಕನಾಡಿಯಲ್ಲಿ ಎಸಿ ರಿಪೇರಿ' ಅಂತ ಊರಿನ ಹೆಸರು ಮಾತ್ರ ಬದಲಿಸಿ ನಲವತ್ತು ಪುಟ ಮಾಡಿಸುವುದು. ಗೂಗಲ್ ಇದನ್ನು ಸ್ಪ್ಯಾಮ್ ಅಂತಲೇ ಪರಿಗಣಿಸ್ತದೆ. ಎಐಯಿಂದ ರಾಶಿಗಟ್ಟಲೆ ಲೇಖನ ಬರೆಸಿ ತುಂಬುವುದೂ ಹಾಗೇ, 2024ರ ಮಾರ್ಚ್‌ನಲ್ಲಿ ಅದಕ್ಕೆಂದೇ ನಿಯಮ ಬಿಗಿ ಮಾಡಿದರು. ಬ್ಯಾಕ್‌ಲಿಂಕ್ (ಬೇರೆ ಸೈಟಿನಿಂದ ನಿಮ್ಮದಕ್ಕೆ ಬರುವ ಲಿಂಕ್) ಕಟ್ಟು ಕಟ್ಟಾಗಿ ಮಾರುವವರ ಹತ್ತಿರ ಹೋಗಲೇಬೇಡಿ. ನಿಮಗೆ ಬೇಕಾದ ಲಿಂಕ್ ಹತ್ತಿರದಲ್ಲೇ ಇರ್ತದೆ: ನೀವು ಕೆಲಸ ಮಾಡುವ ಮದುವೆ ಹಾಲ್‌ನ ಸೈಟು, ಸಾಮಾನು ಕೊಡುವ ಹೋಲ್‌ಸೇಲ್‌ನವರ ಡೀಲರ್ ಪಟ್ಟಿ, ನಿಮ್ಮ ವ್ಯಾಪಾರಿ ಸಂಘದ ಸದಸ್ಯರ ಪುಟ. ಕೇಳಿದರೆ ಹಾಕ್ತಾರೆ.

ಗೂಗಲ್ ಬಿಸಿನೆಸ್ ಪ್ರೊಫೈಲ್ ಇಲ್ಲದಿದ್ದರೆ ಸ್ಥಳೀಯ ವ್ಯಾಪಾರಕ್ಕೆ ಸೈಟ್ ಅರ್ಧ ಮಾತ್ರ. ಮ್ಯಾಪಿನಲ್ಲಿ ಕಾಣುವುದು ಇದರಿಂದಲೇ. ಬೋರ್ಡಿನಲ್ಲಿ ಇದ್ದ ಹೆಸರನ್ನೇ ಕೊಡಿ. ಹೆಸರಿನ ಬಾಲಕ್ಕೆ 'ಬೆಸ್ಟ್ ಕೇಟರರ್ ಇನ್ ಉಡುಪಿ' ಅಂತ ಸೇರಿಸುವುದು ನಿಯಮಕ್ಕೆ ವಿರುದ್ಧ, ಯಾರಾದರೂ ದೂರು ಕೊಟ್ಟರೆ ಪ್ರೊಫೈಲೇ ಅಮಾನತು ಆಗಬಹುದು. ಮುಖ್ಯ ಕೆಟಗರಿ ಒಂದೇ, ಅದನ್ನು ಯೋಚಿಸಿ ಆರಿಸಿ. ಕೇಟರಿಂಗ್ ಮಾತ್ರ ಮಾಡುವವರು ರೆಸ್ಟೋರೆಂಟ್ ಅಂತ ಹಾಕಿದರೆ ಊಟ ಉಂಟಾ ಅಂತ ಕೇಳುವ ಫೋನೇ ಬರುವುದು. ಮನೆಯಿಂದ ಕೆಲಸ ಮಾಡುವವರು ವಿಳಾಸ ಮುಚ್ಚಿಟ್ಟು, ಸೇವೆ ಕೊಡುವ ಊರುಗಳನ್ನು 20ರವರೆಗೆ ಸೇರಿಸಬಹುದು.

ಪಿನ್ ಹಾಕುವ ಕೆಲಸ ಸ್ವಲ್ಪ ಗಮನವಿಟ್ಟು ಮಾಡಿ. ಅಂಗಡಿ ರಾಷ್ಟ್ರೀಯ ಹೆದ್ದಾರಿ 66ರ ಸರ್ವಿಸ್ ರಸ್ತೆಯಲ್ಲಿದ್ದು ಪಿನ್ ಹೈವೇ ಮೇಲೆ ಬಿದ್ದರೆ, ಮ್ಯಾಪ್ ಹಿಡಿದು ಬಂದವನು ಡಿವೈಡರಿನ ಆಚೆ ನಿಂತು ನಿಮ್ಮ ಬೋರ್ಡ್ ನೋಡ್ತಾ ಇರ್ತಾನೆ, ತಿರುಗಿಸಲು ಮುಂದಿನ ಯೂ ಟರ್ನ್‌ವರೆಗೆ ಹೋಗಬೇಕು. ಸ್ಯಾಟಲೈಟ್ ನೋಟಕ್ಕೆ ಬದಲಿಸಿ, ನಿಮ್ಮ ಬಿಲ್ಡಿಂಗಿನ ಬಾಗಿಲು ರಸ್ತೆಗೆ ಸೇರುವ ಕಡೆಗೇ ಪಿನ್ ಎಳೆಯಿರಿ. ಆಮೇಲೆ ಬೇರೆ ಯಾರದ್ದಾದರೂ ಫೋನಿನಲ್ಲಿ ಎರಡೂ ದಿಕ್ಕಿನಿಂದ ದಾರಿ ಹಾಕಿ ನೋಡಿ. ಅಷ್ಟಮಿ, ಚೌತಿ, ದೀಪಾವಳಿಗೆ ರಜೆ ಇದ್ದರೆ ಸ್ಪೆಷಲ್ ಅವರ್ಸ್‌ನಲ್ಲಿ ಹಾಕಿ.

ರಿವ್ಯೂ ಕೇಳಲು ನಾಚಿಕೆ ಬೇಡ. ಪ್ರೊಫೈಲಿನಲ್ಲೇ ಲಿಂಕ್ ಮತ್ತು ಕ್ಯೂಆರ್ ಸಿಗ್ತದೆ. ಬಿಲ್ ಕೊಡುವಾಗ ಎಲ್ಲರಿಗೂ ಕಳಿಸಿ, ಖುಷಿಯಾದವರಿಗೆ ಮಾತ್ರ ಕಳಿಸುವುದು ಬೇಡ. ರಿವ್ಯೂ ಬರೆದರೆ ಡಿಸ್ಕೌಂಟ್ ಅನ್ನುವುದು ನಿಯಮ ಮೀರಿದ ಕೆಲಸ. ಬೈದು ಬರೆದವರಿಗೂ ಮರ್ಯಾದೆಯಲ್ಲಿ ಎರಡು ಸಾಲು ಉತ್ತರ ಕೊಡಿ. ಮುಂದೆ ಬರುವ ಗಿರಾಕಿ ಅದನ್ನೇ ಓದುವುದು.

ಸ್ಪೀಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊಬೈಲಿನಿಂದ ನೇರ ಹಾಕಿದ 4-5 ಎಂಬಿಯ ಫೋಟೊಗಳೇ ಸಣ್ಣ ಸೈಟಿನ ಭಾರಕ್ಕೆ ಮುಖ್ಯ ಕಾರಣ. ಸ್ಕ್ವೂಶ್ ಅಂತ ಉಚಿತ ಸಾಧನ ಉಂಟು. ಅಗಲ 1,200 ಪಿಕ್ಸೆಲ್‌ಗೆ ಇಳಿಸಿ ವೆಬ್‌ಪಿ (ಹಗುರವಾದ ಫೋಟೊ ಫಾರ್ಮ್ಯಾಟ್) ಮಾಡಿದರೆ ಹೆಚ್ಚಿನವು 200 ಕೆಬಿ ಒಳಗೆ ಬರ್ತವೆ. ವೇಗ ಅಳೆಯುವ ಗೂಗಲಿನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಮೊಬೈಲ್ ವಿಭಾಗ ನೋಡಿ. ಮುಖ್ಯ ಭಾಗ ಕಾಣಲು 2.5 ಸೆಕೆಂಡಿನ ಒಳಗೆ ಅಂದರೆ ಒಳ್ಳೆಯದು. ನೂರಕ್ಕೆ ನೂರು ಬರಲಿಲ್ಲ ಅಂತ ನಿದ್ದೆಗೆಡಬೇಡಿ.

ಮೂರು ತಿಂಗಳಾದ ಮೇಲೆ ಸರ್ಚ್ ಕನ್ಸೋಲಿನ ಪರ್ಫಾರ್ಮೆನ್ಸ್ ತೆರೆದು, ಇಂಪ್ರೆಷನ್ (ಹುಡುಕಾಟದಲ್ಲಿ ನಿಮ್ಮ ಪುಟ ಕಂಡ ಲೆಕ್ಕ) ಜಾಸ್ತಿ ಇದ್ದು ಸರಾಸರಿ ಸ್ಥಾನ 8ರಿಂದ 20ರ ನಡುವೆ ಇರುವ ಮಾತುಗಳನ್ನು ಹುಡುಕಿ. ಗೂಗಲ್ ನಿಮ್ಮನ್ನು ಆ ವಿಷಯಕ್ಕೆ ಸಂಬಂಧಪಟ್ಟವರು ಅಂತ ಒಪ್ಪಿದೆ, ಆದರೆ ಪುಟದಲ್ಲಿ ಉತ್ತರ ಸಾಲದು ಅಂತ ಅರ್ಥ. 'ಕೋರಿ ರೊಟ್ಟಿ ಹೋಲ್‌ಸೇಲ್' ಅಂತ ಹುಡುಕಿದವರಿಗೆ ನಿಮ್ಮ ಪುಟ 14ನೆಯದಾಗಿ ಕಂಡು, ಪುಟದಲ್ಲಿ ಹೋಲ್‌ಸೇಲ್ ದರವೇ ಇಲ್ಲದಿದ್ದರೆ, ದರದ ಒಂದು ವಿಭಾಗ ಸೇರಿಸಿ, ಟೈಟಲ್ ತಿದ್ದಿ, ಒಂದು ತಿಂಗಳು ಮುಟ್ಟಬೇಡಿ. ವಾರಕ್ಕೊಮ್ಮೆ ಬದಲಿಸಿದರೆ ಯಾವುದರಿಂದ ಎಂತ ಆಯ್ತು ಅಂತ ಗೊತ್ತೇ ಆಗುವುದಿಲ್ಲ. ಅಲ್ಲಿ 16 ತಿಂಗಳ ಲೆಕ್ಕ ಇರ್ತದೆ, ಹೋದ ವರ್ಷದ ಇದೇ ಸೀಸನ್‌ಗೆ ಹೋಲಿಸಬಹುದು.

ದುಡ್ಡು ಕೊಟ್ಟು ಜನ ಕರೆಯಬೇಕಾದ ಸಂದರ್ಭಗಳೂ ಉಂಟು. ಸೈಟ್ ಹ್ಯಾಕ್ ಆಗಿ ನಿಮ್ಮ ಹೆಸರಿನಲ್ಲಿ ಜೂಜಿನ ಪುಟಗಳು ಬರ್ತಿದ್ದರೆ, ಸಾವಿರಾರು ಐಟಂ ಇರುವ ಆನ್‌ಲೈನ್ ಅಂಗಡಿ ಆಗಿದ್ದರೆ, ಹಳೆಯ ಸೈಟಿನಿಂದ ಹೊಸದಕ್ಕೆ ಹೋಗುವಾಗ ಪ್ರತಿ ಹಳೆಯ ವಿಳಾಸದಿಂದ ಹೊಸದಕ್ಕೆ 301 ರೀಡೈರೆಕ್ಟ್ (ಬಂದವರನ್ನು ತಾನಾಗಿ ಹೊಸ ವಿಳಾಸಕ್ಕೆ ಕಳಿಸುವ ವ್ಯವಸ್ಥೆ) ಹಾಕಬೇಕಿದ್ದರೆ. ಆಗಲೂ ತಿಂಗಳ ಲೆಕ್ಕ ಬೇಡ, ಮಾಡುವ ಕೆಲಸದ ಪಟ್ಟಿ ಬರೆಸಿಕೊಂಡು ಕೆಲಸಕ್ಕೆ ಇಷ್ಟು ಅಂತ ಮಾತಾಡಿ. ಸರ್ಚ್ ಕನ್ಸೋಲ್ ನಿಮ್ಮ ಇಮೇಲಿನಲ್ಲೇ ಇರಲಿ, ಅವರಿಗೆ ಯೂಸರ್ ಆಗಿ ಅನುಮತಿ ಕೊಡಿ, ಕೆಲಸ ಮುಗಿದ ದಿನ ತೆಗೆಯಿರಿ. ರಿಪೋರ್ಟ್ ಅಂತ ಸ್ಕ್ರೀನ್‌ಶಾಟ್ ಕಳಿಸಿದರೆ ಸಾಲದು, ನೀವೇ ಲಾಗಿನ್ ಆಗಿ ಅದೇ ಅಂಕಿ ಕಾಣ್ತದಾ ನೋಡಿ ಆಮೇಲೆ ಬಿಲ್ ಪಾಸ್ ಮಾಡಿ.